ಮೊದಲು ಒಣ ಜಾಗ, ಆಮೇಲೆ ಬಿಸ್ಕತ್ತು

ಪ್ರಶ್ನೆ: ಡಾಕ್ಟ್ರೇ, ನಾವು ಕೊಡಗಿನ ಸುಂಟಿಕೊಪ್ಪದ ಹತ್ತಿರ ಇರುವುದು. ಇಲ್ಲಿನ ಬಸ್ ತಂಗುದಾಣದಲ್ಲಿ ಒಂದು ಬೀದಿನಾಯಿ ಐದು ಮರಿ ಹಾಕಿದೆ, ಈಗಷ್ಟೇ ಕಣ್ಣು ಬಿಡುತ್ತಿವೆ. ಹಿಡಿದ ಮಳೆ ಬಿಡುತ್ತಿಲ್ಲ, ಎರಚಲು ಒಳಗೇ ಬರುತ್ತದೆ. ದಿನಾ ಬಿಸ್ಕತ್ತು, ಹಾಲು ಹಾಕುತ್ತಿದ್ದೇನೆ. ಮನೆ ಹಿಂದೆ ಎರಡು ಬೆಕ್ಕು ಬರುತ್ತವೆ, ರಸ್ತೆಯಲ್ಲಿ ಮಲಗುವ ದನಗಳೂ ಇವೆ. ಎಲ್ಲವನ್ನೂ ಮನೆಗೆ ತರಲು ಆಗುವುದಿಲ್ಲ, ಅಕ್ಕಪಕ್ಕದವರೂ ಗೊಣಗುತ್ತಾರೆ. ಮಳೆಗಾಲ ಮುಗಿಯುವವರೆಗೆ ಏನು ಮಾಡಬಹುದು?

ಉತ್ತರ: ಮೊದಲು ಬಿಸ್ಕತ್ತಿನ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಗ್ಲೂಕೋಸ್ ಬಿಸ್ಕತ್ತು ಅಂದರೆ ಮೈದಾ ಮತ್ತು ಸಕ್ಕರೆ. ಹಾಕಿದವರಿಗೆ ಸಮಾಧಾನ ಆಗುತ್ತದೆ, ತಿಂದ ನಾಯಿಗೆ ಆಗುವುದು ಅಷ್ಟರಲ್ಲೇ ಇದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀದಿಯ ಪ್ರಾಣಿಗಳನ್ನು ಕೊಲ್ಲುವುದು ಹಸಿವಿಗಿಂತ ಜಾಸ್ತಿ ಒದ್ದೆ ಮತ್ತು ಥಂಡಿ. ಬೆಳೆದ ನಾಯಿ ಎರಡು ದಿನ ಉಪವಾಸ ಇದ್ದರೂ ತಡೆದುಕೊಳ್ಳುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒದ್ದೆಯಾದ ಹತ್ತು ದಿನದ ಮರಿ ಒಂದು ರಾತ್ರಿ ತಡೆಯುವುದಿಲ್ಲ. ಹಾಗಾಗಿ ನಿಮ್ಮ ದುಡ್ಡು, ಸಮಯ ಎರಡನ್ನೂ ಮೊದಲು ಒಣ ಜಾಗಕ್ಕೆ ಹಾಕಿ.

ತಂಗುದಾಣದಲ್ಲೇ ಗೂಡು ಕಟ್ಟೋಣ ಅಂತ ನಿಮಗೆ ಅನಿಸಬಹುದು. ಬೇಡ. ಎರಚಲು ಒಂದು ಕಾರಣ. ಇನ್ನೊಂದು ಕಾನೂನು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗದಲ್ಲೇ ವಾಪಸ್ ಬಿಡಬೇಕು, ಹುಚ್ಚು ಹಿಡಿದವು ಮತ್ತು ಮೇಲೆ ಬೀಳುವ ಸ್ವಭಾವದವುಗಳನ್ನು ಬಿಟ್ಟು, ಅಂತ ಹೇಳಿತು. ಊಟವನ್ನು ಸಿಕ್ಕಸಿಕ್ಕ ರಸ್ತೆಯಲ್ಲಿ ಹಾಕಬಾರದು, ಗುರುತು ಮಾಡಿದ ಜಾಗದಲ್ಲೇ ಹಾಕಬೇಕು ಅಂತಲೂ ಹೇಳಿತು. ಅದೇ ವರ್ಷ ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಬೇರೆ ಕಡೆ ಇಡಬೇಕು, ಅಲ್ಲಿಗೇ ವಾಪಸ್ ಬಿಡಬಾರದು ಅಂತ ಬಂತು. ಜನ ಬಸ್ಸಿಗೆ ಕಾಯುವ ಕಡೆ ಮರಿಗಳನ್ನು ನೆಲೆ ಮಾಡಿಸಿದರೆ ನಾಳೆ ಯಾರಾದರೂ ದೂರು ಕೊಡುತ್ತಾರೆ, ತೊಂದರೆ ಆಗುವುದು ತಾಯಿಗೇ. ಶಾಲೆ ಮಕ್ಕಳು ಮರಿ ಮುಟ್ಟಲು ಹೋಗಿ, ತಾಯಿ ಕಚ್ಚಿದರಂತೂ ಮಾತು ಮುಗಿಯಿತು.

ಹತ್ತಿರದಲ್ಲೇ ಯಾರದಾದರೂ ಜಾಗ ಕೇಳಿ. ತೋಟದ ಗೋದಾಮಿನ ಜಗಲಿ, ಖಾಲಿ ಬಿದ್ದ ಕೊಟ್ಟಿಗೆ, ಲೈನ್ ಮನೆಯ ಪಕ್ಕದ ಸೌದೆ ಶೆಡ್ಡು, ಯಾವುದಾದರೂ ಆಗುತ್ತದೆ. ಸೌದೆ ಶೆಡ್ಡು ಎಲ್ಲದಕ್ಕಿಂತ ಚೆನ್ನ, ಏಕೆಂದರೆ ಮನೆಯವರು ತಾವು ಒದ್ದೆಯಾದರೂ ಸೌದೆಯನ್ನು ಒದ್ದೆಯಾಗಲು ಬಿಡುವುದಿಲ್ಲ ಅಲ್ವಾ. ಕೇಳುವಾಗ "ಎರಡು ತಿಂಗಳು ಮಾತ್ರ, ಊಟ, ಶುಚಿ ಎಲ್ಲ ನನ್ನದು" ಅಂತ ಬಾಯಿಬಿಟ್ಟು ಹೇಳಿ. ಜನ ಬೇಡ ಅನ್ನುವುದು ನಾಯಿಗಲ್ಲ, ಇದು ತಮ್ಮ ತಲೆಗೇ ಬಂದೀತು ಅನ್ನುವ ಭಯಕ್ಕೆ.

ಸಾಗಿಸುವುದು ಹಗಲಲ್ಲಿ, ಮಳೆ ಸ್ವಲ್ಪ ಹೊಳವಾದಾಗ. ತಾಯಿಗೆ ಮೊದಲು ಹೊಟ್ಟೆ ತುಂಬ ಹಾಕಿ. ಐದನ್ನೂ ಒಂದೇ ಬುಟ್ಟಿಯಲ್ಲಿ, ಅದೇ ಹಳೇ ಬಟ್ಟೆಯ ಸಮೇತ, ತಾಯಿಗೆ ಕಾಣುವ ಹಾಗೆ ಎತ್ತಿಕೊಂಡು ನಿಧಾನ ನಡೆಯಿರಿ. ಅವಳು ಹಿಂದೆಯೇ ಬರುತ್ತಾಳೆ. ಎರಡು ಮರಿ ಇವತ್ತು, ಮೂರು ನಾಳೆ ಅಂತ ಮಾಡಿದರೆ ಹಳೇ ಜಾಗಕ್ಕೇ ವಾಪಸ್ ಕಚ್ಚಿಕೊಂಡು ಹೋಗುತ್ತಾಳೆ. ಜಾಸ್ತಿ ದೂರ ಒಯ್ದರೂ ಅದೇ ಕಥೆ. ತಾಯಿ ಕಾಣಿಸದಿದ್ದರೆ ಮರಿಗಳು ಅನಾಥ ಅಂತ ತೀರ್ಮಾನ ಮಾಡಿ ಎತ್ತಿಕೊಂಡು ಬರಬೇಡಿ. ಮೈ ಬೆಚ್ಚಗಿದ್ದು ಸುಮ್ನೆ ಮಲಗಿದ್ದರೆ ಅವಳು ಊಟ ಹುಡುಕಲು ಹೋಗಿದ್ದಾಳೆ ಅಂತಲೇ ಅರ್ಥ, ದೂರ ನಿಂತು ಕಾಯಿರಿ.

ಗೂಡು ಮಾಡಲು ದೊಡ್ಡ ಖರ್ಚಿಲ್ಲ. ಸಿಲ್ವರ್ ಓಕ್ ಹಲಗೆ ತುಂಡುಗಳು ನಮ್ಮ ಕಡೆ ಎಲ್ಲಿ ಬೇಕಾದರೂ ಸಿಗುತ್ತವೆ. ಇಲ್ಲದಿದ್ದರೆ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡ ಮಲಗಿಸಿ. ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಮಾತ್ರ ಕೇಳಿ ತನ್ನಿ, ತೋಟಕ್ಕೆ ಹೊಡೆಯುವ ಔಷಧಿ ಇದ್ದದ್ದಾದರೆ ಮುಟ್ಟಬೇಡಿ. ಕೆಳಗೆ ಇಟ್ಟಿಗೆ ಇಟ್ಟು ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ಮಳೆಗಾಳಿ ಪಡುವಣ ಕಡೆಯಿಂದ ಬೀಸುವುದು, ಆದ್ದರಿಂದ ಬಾಯಿ ಮೂಡಣಕ್ಕೆ ಇರಲಿ, ಸ್ವಲ್ಪ ಮುಂದಕ್ಕೆ ಇಳಿಜಾರು ಇರಲಿ. ಬಾಯಿ ನಾಯಿ ನುಸುಳುವಷ್ಟೇ ಸಾಕು. ದೊಡ್ಡದಾದಷ್ಟೂ ಒಳಗಿನ ಬಿಸಿ ಹೊರಗೆ ಹೋಗುತ್ತದೆ.

ಒಳಗೆ ಏನು ಹಾಸುವುದು ಅನ್ನುವುದರಲ್ಲೇ ಜನ ಎಡವುವುದು. ಹಳೇ ಕಂಬಳಿ, ಗೋಣಿಚೀಲ ನೋಡಲು ಬೆಚ್ಚಗೆ ಕಾಣುತ್ತವೆ. ಒಮ್ಮೆ ನೀರು ಹೀರಿದರೆ ನಮ್ಮ ಕಕ್ಕಡ ತಿಂಗಳಲ್ಲಿ ಅವು ಒಣಗುವುದೇ ಇಲ್ಲ, ಮರಿಯ ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತವೆ. ಭತ್ತದ ಒಣಹುಲ್ಲು ದಪ್ಪಗೆ ಹಾಕಿ. ಕೈ ಹಾಕಿ ನೋಡಿ, ತೇವ ಅನಿಸಿದರೆ ಅಥವಾ ಮುಗ್ಗಲು ವಾಸನೆ ಬಂದರೆ ಬದಲಾಯಿಸಿ. ಹಿಂಡಿ ಬಂದ ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು ತುಂಬಿ ಬಾಯಿ ಹೊಲಿದರೆ ಹಾಸಿಗೆಯೇ ಆಗುತ್ತದೆ. ಯೂರಿಯಾ ಚೀಲ ಆದರೆ ಚೆನ್ನಾಗಿ ತೊಳೆದು ಉಪಯೋಗಿಸಿ. ಕಾಫಿ ಸಿಪ್ಪೆ ರಾಶಿ ಬಿದ್ದಿದೆ, ಅದನ್ನೇ ಹಾಸಬಹುದಾ ಅಂತ ಕೇಳುವವರಿದ್ದಾರೆ. ಹಾಸಬೇಡಿ. ತೇವಕ್ಕೆ ಬೇಗ ಬೂಸ್ಟು ಹಿಡಿಯುತ್ತದೆ, ಮೇಲಾಗಿ ಅದರಲ್ಲೂ ಕೆಫೀನ್ ಇರುತ್ತದೆ, ಮರಿ ಅಗಿದರೆ ಕೆಫೀನ್ ನಾಯಿಗೆ ವಿಷ.

ಈಗ ಈ ಉತ್ತರದಲ್ಲಿ ಬೇರೇನು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ. ಥಂಡಿ ಹಿಡಿದ ಮರಿಗೆ ಹಾಲು ಕುಡಿಸಬಾರದು. ಬೆಳಿಗ್ಗೆ ಹೋಗಿ ನೋಡಿದಾಗ ಒಂದು ಮರಿ ಗುಂಪಿನಿಂದ ಬೇರೆಯಾಗಿ ಬಿದ್ದಿದೆ, ಚೀಪುತ್ತಿಲ್ಲ, ಅಳುವ ದನಿಯೂ ಸಣ್ಣದಾಗಿದೆ ಅಂತಿಟ್ಟುಕೊಳ್ಳಿ. ನಿಮ್ಮ ಕಿರುಬೆರಳನ್ನು ಅದರ ಬಾಯೊಳಗೆ ಇಡಿ. ಒಳಗೆ ತಣ್ಣಗಿದ್ದರೆ ಮರಿಯ ಹೊಟ್ಟೆ ಕೆಲಸ ನಿಲ್ಲಿಸಿದೆ ಅಂತ ಅರ್ಥ. ಮೈಬಿಸಿ 94 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿರುವಾಗ ಹಾಲು ಹೊಯ್ದರೆ ಅದು ಜೀರ್ಣವಾಗುವುದಿಲ್ಲ, ನುಂಗುವ ಶಕ್ತಿಯೂ ಇಲ್ಲದೆ ಶ್ವಾಸಕೋಶಕ್ಕೆ ಹೋಗುತ್ತದೆ. ಆಮೇಲೆ "ಹಾಲು ಕುಡಿಸಿದೆ, ಆದರೂ ಸತ್ತುಹೋಯಿತು" ಅಂತ ನನ್ನ ಹತ್ತಿರ ಹೇಳುತ್ತಾರೆ. ಒಣ ಟವೆಲ್‌ನಲ್ಲಿ ಮೈ ಒರೆಸಿ, ನಿಮ್ಮ ಎದೆಗೆ ಒತ್ತಿ ಸ್ವೆಟರ್ ಒಳಗೆ ಇಟ್ಟುಕೊಳ್ಳಿ. ಬಾಟಲಿಗೆ ಬೆಚ್ಚಗಿನ ನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೂ ಆಗುತ್ತದೆ, ಬಿಸಿ ಜಾಸ್ತಿ ಅನಿಸಿದರೆ ಮರಿ ಸರಿದುಕೊಳ್ಳಲು ಜಾಗ ಇರಲಿ. ಒಲೆಯ ಮುಂದೆ ಹಿಡಿಯಬೇಡಿ, ಅವಸರದ ಬಿಸಿಯೂ ಕೊಲ್ಲುತ್ತದೆ. ಒಂದು ಗಂಟೆಯೋ ಎರಡು ಗಂಟೆಯೋ ಹಿಡಿಯಲಿ. ಒಸಡಿಗೆ ಸ್ವಲ್ಪ ಗ್ಲೂಕೋಸ್ ನೀರು ಸವರಬಹುದು, ಹೊಯ್ಯಬಾರದು. ಬಾಯಿ ಬೆಚ್ಚಗಾಗಿ ಬೆರಳು ಚೀಪಲು ಶುರು ಮಾಡಿದ ಮೇಲೆ ತಾಯಿಯ ಮೊಲೆಗೆ ಹಿಡಿಸಿ.

ತಾಯಿಯೇ ಇಲ್ಲ ಅಂದರೆ ಮಾತ್ರ ಬಾಟಲಿ ಹಾಲು. ಹಸುವಿನ ಹಾಲು ಮರಿಗಳಿಗೆ ಭೇದಿ ತರಿಸುತ್ತದೆ. ಮರಿಗಳಿಗೆಂದೇ ಬರುವ ಹಾಲಿನ ಪುಡಿ ಪಶು ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಅದೇ ಸರಿ. ಮಗುವಿನ ಹಾಗೆ ಅಂಗಾತ ಹಿಡಿಯಬೇಡಿ, ಹೊಟ್ಟೆ ಕೆಳಗೆ ಇರಬೇಕು. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹಿಂಬದಿ ಒರೆಸಿದರೇ ಅವು ಉಚ್ಚೆ ಮಾಡುವುದು, ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು.

ಇನ್ನು ತಾಯಿಯ ಊಟ. ಐದು ಮರಿಗೆ ಹಾಲು ಕೊಡುವವಳಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಬೇಕು. ಕೋಳಿ ಅಂಗಡಿಯಲ್ಲಿ ಕುತ್ತಿಗೆ, ಈಲಿ ಕಡಿಮೆ ದುಡ್ಡಿಗೆ ಸಿಗುತ್ತವೆ. ಬೇಯಿಸಿ, ಮೂಳೆ ತೆಗೆದು ಅನ್ನಕ್ಕೆ ಕಲಸಿ ಬೆಚ್ಚಗೆ ಹಾಕಿ. ಮೊಟ್ಟೆಯೂ ಒಳ್ಳೆಯದು. ಮದುವೆ ಮನೆಯಲ್ಲಿ ಉಳಿದ ಪಂದಿ ಕರಿ (ಹಂದಿ ಮಾಂಸದ ಪಲ್ಯ) ತಂದು ಸುರಿಯುವ ದಾನಿಗಳಿದ್ದಾರೆ. ಆ ಕೊಬ್ಬು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಒಂದೂ ನಾಯಿಗೆ ಆಗಿಬರುವುದಿಲ್ಲ. ಒಣಮೀನಿನ ಉಪ್ಪೂ ಅಷ್ಟೇ. ಊಟ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಕತ್ತಲಾಗುವ ಮೊದಲು ಹಾಕಿ. ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದನ್ನು ತೆಗೆದುಬಿಡಿ. ತೋಟದ ಅಂಚಿನಲ್ಲಿ ರಾತ್ರಿ ಅನ್ನ ಬಿದ್ದಿದ್ದರೆ ನಾಯಿ ಬರುತ್ತದೆ, ಹಂದಿ ಬರುತ್ತದೆ, ನಾಯಿ ಹುಡುಕಿಕೊಂಡು ಚಿರತೆಯೂ ಬರುತ್ತದೆ. ನೆರೆಯವರ ಗೊಣಗಾಟ ಅರ್ಧ ನಿಲ್ಲುವುದು ಈ ಶುಚಿತನದಿಂದಲೇ. ಮಿಕ್ಕ ಅರ್ಧ ನಿಲ್ಲುವುದಿಲ್ಲ, ಬಿಡಿ. ಆದರೆ ಯಾರಾದರೂ ಬಡಿಯಲು, ವಿಷ ಇಡಲು ಹೊರಟರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11 ಇದೆ, ಕೊಂದರೆ ಅಥವಾ ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325ರಲ್ಲಿ ಐದು ವರ್ಷದವರೆಗೆ ಜೈಲು ಇದೆ. ಇದನ್ನು ಜಗಳದ ಮೊದಲ ಮಾತಾಗಿ ಹೇಳಬೇಡಿ.

ಮಳೆಗಾಲದ ಗಾಯ ಬೇರೆಯೇ ಥರ. ಬೇಸಿಗೆಯಲ್ಲಿ ನಾಯಿ ನೆಕ್ಕಿಕೊಂಡೇ ವಾಸಿ ಮಾಡಿಕೊಳ್ಳುವ ಗಾಯಕ್ಕೆ ಈಗ ನೊಣ ಕೂತು ಮೊಟ್ಟೆ ಇಡುತ್ತದೆ, ಒಂದು ದಿನದೊಳಗೆ ಹುಳ. ನಾಯಿ ಒಂದೇ ಕಡೆ ನೆಕ್ಕುತ್ತಿದೆ, ಕಿವಿ ಒದರುತ್ತಿದೆ, ಹತ್ತಿರ ಹೋದರೆ ಕೊಳೆತ ವಾಸನೆ ಅಂದರೆ ಕೂದಲು ಬಿಡಿಸಿ ನೋಡಿ. ಹುಳದ ಗಾಯಕ್ಕೆಂದೇ ಸ್ಪ್ರೇ ಸಿಗುತ್ತದೆ, ಒಂದು ಮನೆಯಲ್ಲಿಟ್ಟುಕೊಳ್ಳಿ. ಹೊಡೆದು ಸ್ವಲ್ಪ ಹೊತ್ತು ಬಿಟ್ಟರೆ ಹುಳ ಹೊರಬರುತ್ತವೆ, ಚಿಮಟದಿಂದ ತೆಗೆಯಿರಿ, ಮಾರನೇ ದಿನ ಮತ್ತೆ ನೋಡಿ. ಗಾಯ ಆಳ ಇದ್ದರೆ, ಕಣ್ಣು ಕಿವಿಯ ಹತ್ತಿರ ಇದ್ದರೆ ಆಸ್ಪತ್ರೆಗೇ ತನ್ನಿ. ಫಿನಾಯಿಲ್, ಸೀಮೆಎಣ್ಣೆ, ಪೆಟ್ರೋಲ್ ಹೊಯ್ಯುವವರು ಇನ್ನೂ ಇದ್ದಾರೆ. ಇನ್ನೂ ಕೆಲವರು ತೋಟದ ಕೀಟನಾಶಕವನ್ನೇ ಉಣ್ಣಿಗೆ ಅಂತ ಮೈಗೆಲ್ಲ ಸವರುತ್ತಾರೆ. ನಾಯಿ ಅದನ್ನು ನೆಕ್ಕುತ್ತದೆ, ಉಣ್ಣಿಗಿಂತ ಮೊದಲು ನಾಯಿ ಹೋಗುತ್ತದೆ.

ಜಿಗಣೆ ನಮಗೆ ಹೊಸದಲ್ಲ, ಮೈಗೆ ಹತ್ತಿದರೆ ಚಿಟಿಕೆ ಉಪ್ಪು ಸಾಕು. ಮೂಗಿನೊಳಗೆ ಹೋದದ್ದು ಮಾತ್ರ ಗೊತ್ತಾಗುವುದಿಲ್ಲ. ತೋಡಿನ ನೀರು ಕುಡಿದ ನಾಯಿ ಪದೇ ಪದೇ ಸೀನುತ್ತದೆ, ಒಂದೇ ಹೊಳ್ಳೆಯಿಂದ ರಕ್ತ ಸೋರುತ್ತದೆ, ಬೇರೆ ಗಾಯವೇ ಇಲ್ಲ. ಅಂಥದ್ದಕ್ಕೆ ಕೆಲವು ಗಂಟೆ ನೀರು ಕೊಡದೆ ಇರಿಸಿ, ಆಮೇಲೆ ಬಟ್ಟಲಲ್ಲಿ ತಣ್ಣೀರು ತಂದು ಮೂಗಿನ ಕೆಳಗೆ ಹಿಡಿದು ಸುಮ್ಮನೆ ಕಾಯಿರಿ. ನೀರಿನ ವಾಸನೆಗೆ ಜಿಗಣೆಯ ಕಪ್ಪು ತುದಿ ಹೊಳ್ಳೆಯಿಂದ ಇಣುಕುತ್ತದೆ, ಒಳಗೆ ಹೋಗುತ್ತದೆ, ಮತ್ತೆ ಇಣುಕುತ್ತದೆ. ಪೂರ್ತಿ ಉದ್ದ ಹೊರಬಂದಾಗ ಒರಟು ಬಟ್ಟೆಯಿಂದ ಹಿಡಿದು ಸಮನಾಗಿ ಎಳೆಯಬೇಕು. ನಾಯಿ ನಿಮಗೆ ಒಗ್ಗಿದ್ದರೆ ಮಾತ್ರ ಇದು, ಇಲ್ಲದಿದ್ದರೆ ನಮ್ಮಲ್ಲಿಗೆ ಕರೆತನ್ನಿ.

ಮರಿಗಳಿಗೆ ಎರಡು ವಾರದಿಂದಲೇ ಜಂತುಹುಳದ ಔಷಧಿ, ತಾಯಿಗೂ ಜೊತೆಗೇ. ಆರರಿಂದ ಎಂಟು ವಾರಕ್ಕೆ ಪಾರ್ವೋ (ರಕ್ತಭೇದಿ ತರುವ ವೈರಸ್ ರೋಗ) ಸೇರಿದ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಊರಲ್ಲಿ ಬೇರೆ ಮರಿಗಳಿಗೆ ರಕ್ತಭೇದಿ ಶುರುವಾಗಿದ್ದರೆ ಅವನ್ನು ಮುಟ್ಟಿ ಬಂದ ಕೈಯಲ್ಲಿ, ಅದೇ ಚಪ್ಪಲಿಯಲ್ಲಿ ಇವುಗಳ ಹತ್ತಿರ ಹೋಗಬೇಡಿ. ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ ತಟ್ಟೆ, ನೆಲ, ಬೂಟು ತೊಳೆಯಿರಿ. ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಕೂರುತ್ತದೆ.

ಬೆಕ್ಕುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವು ಒಣ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ. ಅದೇ ಅಪಾಯ ಕೂಡ. ಬಚ್ಚಲು ಒಲೆಯ ಬೂದಿಯಲ್ಲಿ ಮಲಗುತ್ತವೆ, ಬೆಂಕಿ ಹಾಕುವ ಮೊದಲು ಕೋಲಾಡಿಸಿ ನೋಡಿ. ಜೀಪಿನ ಬಾನೆಟ್ ಒಳಗೂ ಸೇರುತ್ತವೆ, ಸ್ಟಾರ್ಟ್ ಮಾಡುವ ಮೊದಲು ಎರಡು ಸಲ ತಟ್ಟಿ. ನಾಯಿಗೆ ತಂದ ಉಣ್ಣಿ ಪುಡಿ ಬೆಕ್ಕಿಗೆ ಹಾಕಬೇಡಿ, ಪರ್ಮೆಥ್ರಿನ್ ಇದ್ದರೆ ಸಾಯುತ್ತದೆ. ನಮ್ಮ ಜ್ವರದ ಮಾತ್ರೆ ಪ್ಯಾರಸಿಟಮಾಲ್ ಒಂದೇ ಒಂದು ಸಾಕು ಬೆಕ್ಕನ್ನು ಕೊಲ್ಲಲು.

ದನಗಳು ರಸ್ತೆಗೆ ಬರುವುದು ಸುಮ್ನೆ ಅಲ್ಲ. ಗದ್ದೆ, ಬಾಣೆ ಎಲ್ಲ ಕೆಸರು, ಟಾರು ಗಟ್ಟಿ ನೆಲ, ಗಾಳಿಗೆ ನೊಣವೂ ಕಡಿಮೆ. ಸುಂಟಿಕೊಪ್ಪದಲ್ಲಿ ರಾಷ್ಟ್ರೀಯ ಹೆದ್ದಾರಿ 275 ಊರ ನಡುವೆಯೇ ಹೋಗುತ್ತದೆ, ಮಂಜಿನಲ್ಲಿ ಕಪ್ಪು ದನ ಲಾರಿಯವನಿಗೆ ಕಾಣುವುದು ಕೊನೇ ಗಳಿಗೆಯಲ್ಲಿ. ಕೊಂಬಿಗೆ ರೇಡಿಯಂ ಪಟ್ಟಿ ಸುತ್ತಿ. ಕಿವಿಯಲ್ಲಿ ಹಳದಿ ಓಲೆ ಇದ್ದರೆ ಅದರ 12 ಅಂಕಿಯ ಫೋಟೋ ತೆಗೆದು ಪಶು ಆಸ್ಪತ್ರೆಯಲ್ಲಿ ಕೊಡಿ, ಆ ಸಂಖ್ಯೆಯಿಂದ ಮಾಲೀಕರನ್ನು ಹುಡುಕಬಹುದು. ಬೀಡಾಡಿ ಅನ್ನಿಸಿಕೊಂಡವುಗಳಲ್ಲಿ ಎಷ್ಟೋ ದನಗಳಿಗೆ ಯಜಮಾನ ಇರುತ್ತಾನೆ. ಗೊರಸಿನ ನಡುವೆ ಕೊಳೆತು ಕುಂಟುತ್ತಿದ್ದರೆ ತೊಳೆದು, ನೂರು ಪಾಲು ನೀರಿಗೆ ಐದು ಪಾಲು ಮೈಲುತುತ್ತು ಕರಗಿಸಿ ಕಾಲು ಅದ್ದಿಸಬಹುದು, ತೋಟ ಇದ್ದವರ ಮನೆಯಲ್ಲಿ ಮೈಲುತುತ್ತು ಇದ್ದೇ ಇರುತ್ತದೆ. ಆ ನೀರನ್ನು ಕುಡಿಯದ ಹಾಗೆ ನೋಡಿಕೊಳ್ಳಿ. ಕೊಳೆರೋಗಕ್ಕೆ ಹೊಡೆದು ಉಳಿದ, ಮೈಲುತುತ್ತಿನಿಂದಲೇ ಮಾಡುವ ಬೋರ್ಡೋ ದ್ರಾವಣದ ಪೀಪಾಯಿಯನ್ನೂ ಮುಚ್ಚಿಡಿ. ಅನ್ನದ ರಾಶಿ, ಹಲಸಿನ ಹಣ್ಣಿನ ರಾಶಿ ದನದ ಮುಂದೆ ಸುರಿಯುವುದು ಉಪಕಾರ ಅಲ್ಲ, ಹೊಟ್ಟೆ ಹುಳಿಯಾಗಿ ಎರಡು ದಿನದಲ್ಲಿ ಮಲಗಿಬಿಡುತ್ತದೆ.

ವಿಷದ ಮಾತು ಬಂತಲ್ಲ, ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳು ಕಾಟ ಇರುವ ತೋಟಗಳಲ್ಲಿ ಮೆಟಾಲ್ಡಿಹೈಡ್ ಗುಳಿಗೆ ಹಾಕುತ್ತಾರೆ. ನಾಯಿಗೆ ಅದರ ರುಚಿ ಹಿಡಿಸುತ್ತದೆ. ತಿಂದ ಒಂದೆರಡು ಗಂಟೆಯಲ್ಲಿ ನಡುಕ, ಜೊಲ್ಲು, ಸೆಳೆತ. ಹುಚ್ಚು ಹಿಡಿಯಿತು ಅಂತ ಹೊಡೆದು ಕೊಲ್ಲುವುದೂ ಉಂಟು. ಅಂಥ ನಾಯಿಯನ್ನು ಬರಿಗೈಯಲ್ಲಿ ಮುಟ್ಟದೆ ಡಾಕ್ಟರಿಗೆ ತಕ್ಷಣ ಫೋನ್ ಮಾಡಿ, ಹತ್ತಿರದಲ್ಲಿ ಗುಳಿಗೆ ಹಾಕಿದ್ದರೆ ಅದನ್ನೂ ಹೇಳಿ.

ದನವೋ ನಾಯಿಯೋ ಕಂಬದ ಬುಡದಲ್ಲಿ, ಬಿದ್ದ ತಂತಿಯ ಹತ್ತಿರ ಮಿಸುಕದೆ ಬಿದ್ದಿದ್ದರೆ ಓಡಿಹೋಗಿ ಎತ್ತಬೇಡಿ. ವಿದ್ಯುತ್ ಕಂಪನಿ ಚೆಸ್ಕಾಂನ 1912ಕ್ಕೆ ಹೇಳಿ, ಲೈನ್ ಆಫ್ ಆಯಿತು ಅಂತ ಖಚಿತವಾಗುವವರೆಗೆ ದೂರ ನಿಲ್ಲಿ. ಗಾಯಗೊಂಡ ಜಾನುವಾರಿಗೆ ಪಶು ಸಂಜೀವಿನಿ ಸಹಾಯವಾಣಿ 1962 ಇದೆ. ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರು ನಮ್ಮದು. ಹತ್ತಿರದ ಪಶುವೈದ್ಯರ ನಂಬರನ್ನು ಮೊಬೈಲಲ್ಲಿ ಮಾತ್ರವಲ್ಲ, ಗೋಡೆ ಕ್ಯಾಲೆಂಡರ್ ಮೇಲೂ ಬರೆದಿಡಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ಜನ ಉಟ್ಟ ಬಟ್ಟೆಯಲ್ಲಿ ಹೊರಟರು. ಆ ಗಡಿಬಿಡಿಯಲ್ಲಿ ಯಾರನ್ನೂ ದೂರುವ ಹಾಗಿಲ್ಲ. ನಿಮ್ಮ ಓಣಿಯವರಿಗೆ ಈಗಲೇ ಒಂದು ಮಾತು ಹೇಳಿ ಇಡಿ: ಮನೆ ಬಿಟ್ಟು ಹೊರಡಬೇಕಾದರೆ ದನದ ಹಗ್ಗ, ನಾಯಿಯ ಸರಪಳಿ ಬಿಚ್ಚಿ, ಕೋಳಿ ಗೂಡಿನ ಬಾಗಿಲು ತೆಗೆದು ಹೊರಡಿ. ಕಟ್ಟು ಇಲ್ಲದ ಪ್ರಾಣಿ ಮೇಲಕ್ಕೆ ಹತ್ತಿಕೊಳ್ಳುತ್ತದೆ.

ನಿಮ್ಮ ಬಗ್ಗೆಯೂ ಹೇಳಬೇಕು. ಗಂಬೂಟು, ಕೈಗವಸು ಇಲ್ಲದೆ ಈ ಕೆಸರಲ್ಲಿ ಪ್ರಾಣಿಗಳ ಹತ್ತಿರ ಓಡಾಡಬೇಡಿ. ಇಲಿಜ್ವರ ಇಲಿಯಿಂದ ಮಾತ್ರ ಅಲ್ಲ, ನಾಯಿ, ದನದ ಉಚ್ಚೆ ಸೇರಿದ ನೀರಿನಿಂದಲೂ ಬರುತ್ತದೆ, ಒಡೆದ ಹಿಮ್ಮಡಿ ಸಾಕು ಒಳಸೇರಲು. ಜ್ವರ, ಮೀನಖಂಡದ ನೋವು ಬಂದರೆ ನಿಮ್ಮ ವೈದ್ಯರಿಗೆ ಈ ಕೆಲಸ ಮಾಡುತ್ತಿದ್ದೆ ಅಂತ ಹೇಳಿ, ಇಲ್ಲದಿದ್ದರೆ ಬರೀ ಮಳೆಗಾಲದ ಜ್ವರ ಅಂದುಕೊಂಡುಬಿಡುತ್ತಾರೆ. ದಿನಾ ಊಟ ಹಾಕುವವರು ರೇಬೀಸ್‌ಗೆ ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೊದಲೇ ಲಸಿಕೆ ಆಗಿದ್ದರೂ ಹೋಗಲೇಬೇಕು. ಮರಿ ಕಚ್ಚಿದರೂ ಕಚ್ಚಿದ್ದೇ.

ಕೊನೆಯದಾಗಿ ತಾಯಿಯ ಶಸ್ತ್ರಚಿಕಿತ್ಸೆ. ಮರಿಗಳು ಎಂಟು ವಾರಕ್ಕೆ ಹಾಲು ಬಿಡುತ್ತವೆ, ಆಮೇಲೆ ಮೊಲೆ ಬತ್ತಲು ಕೆಲವು ವಾರ ಕೊಡಿ. ಅಷ್ಟರಲ್ಲಿ ಮಳೆಯೂ ಇಳಿದಿರುತ್ತದೆ, ಹೊಲಿಗೆ ಒಣಗಲು ಅದೇ ಸರಿಯಾದ ಕಾಲ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಬೀದಿನಾಯಿಗಳ ಶಸ್ತ್ರಚಿಕಿತ್ಸೆ, ಲಸಿಕೆ ಸ್ಥಳೀಯ ಸಂಸ್ಥೆಯ ಜವಾಬ್ದಾರಿ, ಅಂದರೆ ನಿಮಗೆ ಗ್ರಾಮ ಪಂಚಾಯಿತಿ. ಸೆಪ್ಟೆಂಬರ್‌ವರೆಗೆ ಕಾಯದೆ ಈ ವಾರವೇ ಅರ್ಜಿ ಕೊಡಿ, ಊಟ ಹಾಕಲು ಜಾಗ ಗುರುತು ಮಾಡಿಕೊಡಿ ಅಂತಲೂ ಅದರಲ್ಲೇ ಬರೆಯಿರಿ. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು, ತಾರೀಖು ಹಾಕಿಸಿ ವಾಪಸ್ ತನ್ನಿ.